ಕಡ್ಡಿಯಷ್ಟು ಪಿನ್ನು

"ಏಳು ವರ್ಷ ಕಡಲ ತಳದಲ್ಲಿ ಬಿದ್ದಿದ್ದ ಕಾರು," ಎನ್ನುತ್ತ ಹಾರನ್ ಕೆಟಲ್ ಬಗ್ಗಿಸಿ ಮುಂದಿನ ಲೋಟಕ್ಕೆ ಚಹಾ ಸುರಿದ. "ಮೇಲೆತ್ತಿ ಕೀಲಿ ತಿರುಗಿಸಿದ್ದೇ ತಡ, ಗುರ್ ಅಂತ ಸ್ಟಾರ್ಟು. ಹಿಂದಿನ ಸೀಟಲ್ಲಿ ಸಂಸಾರ ಹೂಡಿದ್ದ ಮೀನುಗಳು ಗೊಣಗುತ್ತಾ ಇಳಿದು ಹೋದವು. ಯಾಕೆ ಹೇಳಿ? ಬೇರಿಂಗ್ ಕೂರಿಸಿದ್ದು ನಮ್ಮ ಮೇಸ್ತ್ರಿ."

ಅಂಗಳದ ಕುರ್ಚಿಗಳಲ್ಲಿ ಕೂತವರು ನಗು ನುಂಗಿಕೊಂಡರು. ಒಳಗಿನ ಕೋಣೆಯಲ್ಲಿ ಮೇಸ್ತ್ರಿಯ ಹೆಣಕ್ಕೆ ಬಟ್ಟೆ ಹೊದಿಸುತ್ತಿದ್ದರು.

ಹಾರನ್ ಎಂಬುದು ಗ್ಯಾರೇಜಿನಲ್ಲಿ ಅಂಟಿಕೊಂಡ ಅಡ್ಡಹೆಸರು. ಕಾರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸದ್ದು ಮಾಡುವುದು ಅದೇ, ಕಿತ್ತು ಹಾಕಿದರೂ ಕಾರು ಓಡುತ್ತದೆ. ಮೂವತ್ತು ವರ್ಷ ಗಿರಾಕಿಗಳ ಮುಂದೆ ನಿಂತು ಮಾತಾಡಿದವನು ಅವನು, ಕಾರಿನಡಿ ಮಲಗಿದವನು ಮೇಸ್ತ್ರಿ. ಹೊಗಳಿಕೆ ನಿಂತವನಿಗೆ ಸಲ್ಲುತ್ತಿತ್ತು, ಎಣ್ಣೆ ಮಲಗಿದವನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಇವತ್ತು ಬಾಯಿ ಮುಚ್ಚಲು ಹಾರನ್‌ಗೆ ಭಯ. ಮುಚ್ಚಿದರೆ ಯಾರಾದರೂ ಆ ಟ್ಯಾಕ್ಸಿಯ ಮಾತೆತ್ತಿಯಾರು.

ಅಷ್ಟರಲ್ಲಿ ಟೈರ್ ಅಂಗಡಿಯವನು ಎತ್ತಿಯೇಬಿಟ್ಟ. "ಚಿನ್ನದಂಥ ಕೆಲಸಗಾರ. ಆ ಟ್ಯಾಕ್ಸಿ ಒಂದು ಹೆಸರು ಕೆಡಿಸ್ತು, ಪಾಪ."

* * *

ಮೇಸ್ತ್ರಿಗೆ ಎಂಜಿನ್ ಮೇಲೆ ಅಂಥ ಪ್ರೀತಿಯಿರಲಿಲ್ಲ. ಅದನ್ನು ಹೊಗಳಲು ಇಡೀ ಊರಿದೆ ಎನ್ನುತ್ತಿದ್ದ. ಅವನ ಮಮತೆಯೆಲ್ಲ ಬುಷ್ಷು, ವಾಷರು, ಆಯಿಲ್ ಸೀಲುಗಳಂಥ ಚಿಲ್ಲರೆ ಭಾಗಗಳ ಮೇಲೆ. ಚಕ್ರದ ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನಂತೂ ಮಗುವಿನ ಹಾಲುಹಲ್ಲಿನಂತೆ ಬೆರಳ ತುದಿಯಲ್ಲಿ ಹಿಡಿದು ತೋರಿಸುತ್ತಿದ್ದ. "ಕಡ್ಡಿಯಷ್ಟಿದೆ ನೋಡು. ಮನೆಮಂದಿಯೆಲ್ಲ ಕೂತ್ಕೊಂಡು ಹೋಗೋದು ಇದನ್ನ ನಂಬಿ." ಒಮ್ಮೆ ಬಗ್ಗಿದ ಪಿನ್ನನ್ನು ನೆಟ್ಟಗೆ ಮಾಡಿ ಹಾಕಿದರೆ ಓಟದಲ್ಲಿ ಮುರಿದು ಉದುರುತ್ತದೆಂದು ಅವನು ಅದನ್ನು ಮತ್ತೆಂದೂ ಹಾಕಿದವನಲ್ಲ. ಬಿಚ್ಚಿದ ಕೂಡಲೇ ಮುರಿದು ಎಸೆಯುತ್ತಿದ್ದ.

ಆರು ವರ್ಷದ ಹಿಂದೆ, ಮೈ ಸುಡುವ ಜ್ವರದಲ್ಲೇ ಒಂದು ಟ್ಯಾಕ್ಸಿಯ ಮುಂದಿನ ಚಕ್ರಗಳ ಬೇರಿಂಗ್ ಬದಲಿಸುವ ಕೆಲಸ ಹಿಡಿದ. ಮಾರನೆಯ ದಿನ ಎಡಚಕ್ರ ಕಳಚಿತು. ಡ್ರೈವರ್ ಮತ್ತೆ ಎದ್ದು ನಡೆಯಲಿಲ್ಲ. ನಟ್ಟಿಗೆ ಪಿನ್ ಇರಲಿಲ್ಲವೆಂದರು.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ, ಮತ್ತೆ ಮುಟ್ಟಲಿಲ್ಲ. ಆಮೇಲೆ ಹಾರನ್ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. "ಎಡಗಡೇದಕ್ಕೆ ಹಾಕಿದ್ದೆ ಅಲ್ವೇನೋ? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ."

ಹಾರನ್ ಅವನ ಬೆನ್ನು ತಟ್ಟುತ್ತಿದ್ದ. "ಬಿಡಣ್ಣ. ಜ್ವರ ಇತ್ತು. ಮರೆವು ಯಾರಿಗಿಲ್ಲ?"

* * *

"ಟ್ಯಾಕ್ಸಿ ಸುದ್ದಿ ಬಿಡಯ್ಯ," ಹಾರನ್ ದನಿ ಏರಿಸಿದ. "ಮೂವತ್ತು ವರ್ಷದಲ್ಲಿ ನನ್ನ ಕಣ್ತಪ್ಪಿಸಿ ಒಂದು ನಟ್ಟೂ ಆ ಗ್ಯಾರೇಜಿಂದ ಆಚೆ ಹೋಗಿಲ್ಲ. ಎಷ್ಟು ಸುತ್ತು ತಿರುಗಿಸ್ದ ಅಂತ್ಲೂ ಹೇಳ್ತೀನಿ, ಬೇಕಾದ್ರೆ ಕೇಳು."

"ನಾನು ಕೇಳ್ತೀನಪ್ಪ."

ಹೊಸ್ತಿಲಲ್ಲಿ ಮೇಸ್ತ್ರಿಯ ಹೆಂಡತಿ ನಿಂತಿದ್ದಳು.

"ನಿನ್ನೆ ಆಸ್ಪತ್ರೇಲಿ, ಉಸಿರು ಸಿಗ್ದೆ ಒದ್ದಾಡ್ತಿದ್ದಾಗ್ಲೂ ಅದೇ ಮಾತು. ಎಲ್ಲಾ ನೋಡಿದ್ದೀಯಲ್ಲ, ನೀನೇ ಹೇಳು. ಅವರು ಆ ಪಿನ್ ಹಾಕಿದ್ರಾ, ಇಲ್ವಾ?"

ಹಾರನ್‌ನ ನಾಲಿಗೆಯ ಮೇಲೆ ಸಾವಿರ ಕತೆ ಸಾಲುಗಟ್ಟಿದವು. ಪಿನ್ನನ್ನು ಕಾಗೆ ಕಚ್ಚಿಕೊಂಡು ಹೋದ ಕತೆ, ಗಿರಾಕಿಯೇ ಕಿತ್ತುಕೊಂಡ ಕತೆ. ಅವಳ ಕೆಂಪು ಕಣ್ಣುಗಳ ಮುಂದೆ ಒಂದೂ ಹೊರಡಲಿಲ್ಲ. ಕೆಟಲನ್ನು ನೆಲಕ್ಕಿಟ್ಟ.

"ಅಣ್ಣ ಎಡಚಕ್ರ ಮುಟ್ಟಲೇ ಇಲ್ಲ ಅತ್ತಿಗೆ. ಬಲಗಡೇದು ಮುಗಿಸಿ ಹಿಂದೆ ಹೋಗಿ ಮಲಗಿಬಿಟ್ಟ. ಟ್ಯಾಕ್ಸಿಯವನು ಅವಸರ ಮಾಡ್ತಿದ್ದ. ನಾನೇ ಕೂರಿಸ್ದೆ. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕ್ದೆ. ಅಣ್ಣ ಎದ್ದು ಬಂದಾಗ, ನೀನೇ ಮುಗಿಸಿದ್ಯಲ್ಲ ಅಂದೆ."

ಅವಳು ಹೊಸ್ತಿಲಿಳಿದು ಬಂದಳು.

"ನನಗೆ ಹೇಳಿದ್ರೆ ಏನು ಬಂತು," ಎಂದಳು. "ಅವರಿಗೆ ಹೇಳು." ಅವನ ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದಳು. ಹೆಣ ಎತ್ತಲು ಬಗ್ಗಿದ್ದ ನಾಲ್ವರು ಹಿಂದೆ ಸರಿದರು.

ಹಾರನ್ ಮಂಡಿಯೂರಿ ಬಾಗಿದ. ಮೇಸ್ತ್ರಿಯ ಎರಡೂ ಕಿವಿಗಳಿಗೆ ಆಸ್ಪತ್ರೆಯವರು ಒತ್ತಿ ಒತ್ತಿ ಹತ್ತಿ ತುಂಬಿದ್ದರು. ಆ ಹತ್ತಿಗೆ ಬಾಯಿ ತಾಗಿಸಿ, ಅಂಗಳದವರಿಗೂ ಕೇಳುವಷ್ಟು ಜೋರಾಗಿ, ಅವನು ಮೊದಲಿನಿಂದ ಹೇಳತೊಡಗಿದ.