ಒಗೆದ ಅಂಗಿ

ಶಿವನನ್ನು ನೆನೆಯದೆ ಅನ್ನಪೂರ್ಣವ್ವ ಸೂಜಿಗೆ ದಾರ ಪೋಣಿಸಿದವಳಲ್ಲ. ಸತ್ತವರ ಬಟ್ಟೆಯನ್ನು ಒಗೆಯದೆ ಕೌದಿಗೆ ಸೇರಿಸಿದವಳೂ ಅಲ್ಲ. ಗದಗಿನ ಕಡೆಯ ಆ ನೇಮವನ್ನು ಕಡಲಾಚೆಯ ಪೋರ್ಟರ್ ರ್ಯಾಂಚ್ ಊರಿನಲ್ಲಿದ್ದ ಮಗಳು ಆರತಿಯ ಮನೆಗೂ ತಂದಿದ್ದಳು.

ಕೌದಿಯ ಯೋಚನೆ ಮಗನ ಮಗಳು ರಚನಾಳದು. ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಕಲೆ ಓದುತ್ತಿದ್ದ ಅವಳು, ಅಣುಬಾಂಬು ಕಾರ್ಖಾನೆಗಳ ಸುತ್ತ ಬದುಕಿ ನೊಂದವರ ಹಳೆ ಬಟ್ಟೆ ಕೂಡಿಸಿ ಕೌದಿ ಮಾಡುವ ಪ್ರಾಜೆಕ್ಟು ಹಿಡಿದಿದ್ದಳು. ಲೋರ್ನಾ ಎಂಬ ಮುದುಕಿ ಗಂಡನ ಅಂಗಿ ಕಳಿಸಿದ್ದಳು. ಅವನು ಕಾರ್ಖಾನೆಯಿಂದ ಉಟ್ಟ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದ. ಅದನ್ನವಳು ಮಗಳ ಫ್ರಾಕುಗಳ ಜೊತೆಗೇ ಒಗೆಯುತ್ತಿದ್ದಳು. ಗಂಡನೂ ಹೋದ, ಮಗಳೂ ಹೋದಳು. ಲ್ಯಾಬಿನಲ್ಲಿ ವಿಕಿರಣದ ಪರೀಕ್ಷೆಯಾಗುವವರೆಗೆ ಯಾರೂ ಮುಟ್ಟದಿರಲೆಂದು ರಚನಾ ಆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರೆದು, ಅತ್ತೆ ಆರತಿಯ ಗ್ಯಾರೇಜಿನಲ್ಲಿಟ್ಟಿದ್ದಳು.

ಭಾನುವಾರ ಬಂದು ನೋಡಿದರೆ ಚೀಲ ಖಾಲಿ.

"ಅಜ್ಜಿ, ಇದರಾಗಿನ ಅಂಗಿ ಎಲ್ಲಿ?"

"ಒಗದೀನಿ ಬೇ. ಕೂಸಿನ ಅರಿವಿ ಮಶಿನ್ನಿಗೆ ಹಾಕೋದಿತ್ತು, ಅದರ ಕೂಡನ ಹಾಕಿದೆ. ಸುಮ್ಮನ ನೀರ್ಯಾಕ ದಂಡ?"

ರಚನಾ ನೆಲದ ಮೇಲೇ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು. ಆರತಿಯ ಒಂಬತ್ತು ತಿಂಗಳ ಕೂಸು ಅರ್ಜುನ ಅಷ್ಟರಲ್ಲಿ ಅಂಬೆಗಾಲಿಡುತ್ತ ಬಂದ. ಲೋರ್ನಾಳ ಗಂಡನ ಅಂಗಿಯ ಜೊತೆ ಒಗೆದ ತನ್ನ ಅಂಗಿಯನ್ನೇ ತೊಟ್ಟಿದ್ದ. ಅದರ ತೋಳು ಅವನ ಬಾಯಲ್ಲಿತ್ತು.

ಎರಡೂ ಅಂಗಿ ಲ್ಯಾಬಿಗೆ ಹೋದವು. ಫಲಿತಾಂಶಕ್ಕೆ ಐದು ದಿನ. ಹೊರಗೆ ಗುಡ್ಡದ ಮೇಲೆ ನಿಚ್ಚಳ ಬಿಸಿಲು, ಒಳಗೆ ಏನನ್ನು ಮುಟ್ಟಲೂ ಭಯ. "ನಿಂದೇನೂ ತಪ್ಪಿಲ್ಲವ್ವಾ," ಎಂದಳು ಆರತಿ. ಆದರೆ ಕೂಸನ್ನು ಅವ್ವನ ಕೈಗೆ ಕೊಡಲಿಲ್ಲ. ಅನ್ನಪೂರ್ಣವ್ವ ಕೇಳಲೂ ಇಲ್ಲ. ದೇವರ ಮುಂದೆ ಕುಳಿತರೆ ಮಂತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಶುಕ್ರವಾರ ವರದಿ ಬಂತು: ಎರಡರಲ್ಲೂ ಏನೂ ಇಲ್ಲ. ಆರತಿ ಅಳುತ್ತ ನಗುತ್ತ ಕೂಸನ್ನು ಅವ್ವನತ್ತ ಚಾಚಿದಳು.

"ತಡಿ, ಕೈ ಹಸಿ ಅದಾವ," ಎಂದು ಅನ್ನಪೂರ್ಣವ್ವ ಗ್ಯಾರೇಜಿಗೆ ನಡೆದಳು.

ಆದದ್ದನ್ನು ಒಪ್ಪಿಕೊಳ್ಳಲು ರಚನಾ ಲೋರ್ನಾಳಿಗೆ ಫೋನು ಮಾಡಿ, ಮಾತಾಡುತ್ತಲೇ ಅಜ್ಜಿಯ ಹಿಂದೆ ಬಂದಳು. ಮಶಿನ್ ಗುಡುಗುಡು ತಿರುಗುತ್ತಿತ್ತು. ಅದರ ಸದ್ದು ಕೇಳಿದ ಲೋರ್ನಾ ತಟ್ಟನೆ ಕ್ಷಮಾಪಣೆಯನ್ನು ತಡೆದು ಏನೋ ಕೇಳಿದಳು.

"ಅಜ್ಜಿ... ಮಶಿನ್ ಖಾಲೀನ ತಿರುಗಾಕತ್ತೈತೇನು ಅಂತ ಕೇಳಾಕತ್ತಾರ."

ಅನ್ನಪೂರ್ಣವ್ವ ಮಶಿನ್ನಿನ ಗಾಜಿನ ಬಾಗಿಲಿನಿಂದ ಕಣ್ಣು ತೆಗೆಯದೆ ಹೂಂಗುಟ್ಟಿದಳು.

"ಮಗಳು ಹೋದ ಮ್ಯಾಲ ಅವರೂ ಹಿಂಗ ತಿರುಗಿಸ್ತಿದ್ದರಂತ. ಇದು ಎಷ್ಟನೇ ಸಲ ಅಂತ?"

"ಏಳನೇದು ಅಂತ ಹೇಳು."