ಕಂಬದ ಬೀಗ

ಅವಳು ಮೀನಿನ ಗಾಜಿನ ತೊಟ್ಟಿಯಲ್ಲಿ ಮಗ್ಗನ್ನು ಮುಳುಗಿಸಿ, ತಲೆಯ ಮಟ್ಟಕ್ಕೆ ಎತ್ತಿ, ನೀರನ್ನು ಸಣ್ಣ ಧಾರೆಯಾಗಿ ಮತ್ತೆ ಅದೇ ತೊಟ್ಟಿಗೆ ಸುರಿದಳು. ಮತ್ತೆ ಮುಳುಗಿಸಿದಳು. ಎತ್ತರದಿಂದ ಬೀಳುವ ನೀರು ಒಂದಿಷ್ಟು ಗಾಳಿಯನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ, ಕರೆಂಟ್ ಇಲ್ಲದಾಗ ಮೀನುಗಳಿಗೆ ಅದೇ ಉಸಿರು ಎಂದು ಗಂಡ ಹೇಳಿಕೊಟ್ಟಿದ್ದ. ಹೇಳಿಕೊಟ್ಟವನು ಬಿರುಗಾಳಿ ಬೀಸಿದ ರಾತ್ರಿ ಹೆಲ್ಮೆಟ್ ಏರಿಸಿಕೊಂಡು ಹೊರಟವನು, ನಡುವೆ ಒಮ್ಮೆ ಒದ್ದೆ ಸಾಕ್ಸ್ ಬದಲಿಸಲು ಬಂದದ್ದು ಬಿಟ್ಟರೆ ಮನೆ ಕಡೆ ತಲೆ ಹಾಕಿರಲಿಲ್ಲ. ಅವನು ಲೈನ್‌ಮನ್. ಊರಿನ ಅರ್ಧದಷ್ಟು ತಂತಿ ನೆಲದ ಮೇಲೆ ಬಿದ್ದಿತ್ತು.

“ಊರಿಗೆಲ್ಲ ಬೆಳಕು ಕೊಡೋ ಮಹಾರಾಯ. ಅವನ ಹೆಂಡ್ತಿ ಇಲ್ಲಿ ಮೀನಿಗೆ ಸ್ನಾನ ಮಾಡಿಸ್ತಾ ನಿಂತಿದಾಳೆ,” ಎಂದು ಗೋಡೆಗೆ ಹೇಳಿದಳು. ಬಲಗೈ ಸೋತರೆ ಎಡಗೈ ಇತ್ತು. ಎರಡೂ ಸೋತ ಮೇಲೆ ಬಾಯಿಯೊಂದೇ ಉಳಿದಿತ್ತು.

ತೊಟ್ಟಿ ಇದ್ದದ್ದು ಅವಳ ಹೊಲಿಗೆ ಮಷಿನ್ನಿನ ಎದುರಿಗೆ. ಒಳಗೆ ಉಪ್ಪುನೀರು, ಕಲ್ಲುಗಳು, ಕಲ್ಲಿಗೆ ಅಂಟಿಕೊಂಡ ಹವಳಗಳು. ಉಗುರಿನಷ್ಟು ಚೂರು ತಂದು ಅಂಗೈಯಗಲ ಬೆಳೆಸಿದ್ದ. ಸಂಬಳದ ದಿನ ಬೇರೆ ಗಂಡಂದಿರು ಎಲ್ಲೆಲ್ಲಿಗೋ ಹೋದರೆ ಇವನು ಉಪ್ಪಿನ ಚೀಲ ಹೊತ್ತು ಬರುತ್ತಿದ್ದ. ಪಂಪು ತಿರುಗುತ್ತಿದ್ದಾಗ ಆ ಹವಳಗಳು ಗಾಳಿಗೆ ಒಡ್ಡಿದ ಹೂವಿನಂತೆ ತೂಗಾಡುತ್ತಿದ್ದವು. ಈಗ ಒಗೆದು ಹಿಂಡಿಟ್ಟ ಬಟ್ಟೆಯ ಹಾಗೆ ಮುದುಡಿಕೊಂಡಿದ್ದವು. ಸೆಲ್ ಹಾಕುವ ಪುಟ್ಟ ಗಾಳಿಪಂಪು ನಿನ್ನೆಯೇ ಕೈಕೊಟ್ಟಿತ್ತು. ಅಂಗಡಿಗಳಲ್ಲಿ ಸೆಲ್ ಹೋಗಲಿ, ಮೇಣದಬತ್ತಿಯೂ ಇರಲಿಲ್ಲ.

ಕಲ್ಲಿನ ಸಂದಿಯಲ್ಲಿ ಬಿಳಿ ಪಟ್ಟೆಯ ಕಿತ್ತಳೆ ಮೀನುಗಳ ಜೋಡಿಯಿತ್ತು. ಈ ಜಾತಿಯಲ್ಲಿ ಹೆಂಡತಿಯೇ ದೊಡ್ಡದು, ಅದು ಹೇಳಿದ ಹಾಗೆಯೇ ಗಂಡ ಕೇಳಬೇಕು. “ನಮ್ಮನೆ ಥರಾನೇ,” ಎಂದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ. ಸಣ್ಣದಕ್ಕೆ ಮಗಳು ತಾಯಿಯ ಗುಂಡಿ ಡಬ್ಬಿಯನ್ನು ನೆನೆದು ಬಟನ್ ಎಂದು ಹೆಸರಿಟ್ಟಿದ್ದಳು. ಬೆಳಗ್ಗೆ ಶಾಲೆಗೆ ಹೊರಟವಳು ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಿದ್ದಳು.

“ಅಮ್ಮಾ, ಬಟನ್ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ. ಸಾಯಲ್ಲ ಅಲ್ವಾ?”

“ನಾನಿದೀನಲ್ಲ, ಹೇಗೆ ಸಾಯತ್ತೆ? ನೀನು ಹೋಗು, ಬಸ್ ತಪ್ಪತ್ತೆ.”

ಹಾಗೆ ಮಾತು ಕೊಟ್ಟ ತಪ್ಪಿಗೆ ಹೊಲಿಯಬೇಕಿದ್ದ ಯೂನಿಫಾರ್ಮುಗಳ ರಾಶಿಗೆ ಬೆನ್ನು ತಿರುಗಿಸಿ, ಮಗ್ಗು ಹಿಡಿದು ನಿಂತಿದ್ದಳು. ಕಾಲಲ್ಲಿ ತುಳಿಯುವ ಹಳೇ ಮಷಿನ್ ಮಾರಿಸಿ, ಮೋಟರಿನದ್ದು ಕೊಡಿಸಿದವನೂ ಇದೇ ಮಹಾರಾಯನೇ.

ಬಿಸಿಲು ಕಿಟಕಿಯೊಳಗೆ ಬರುವ ಹೊತ್ತಿಗೆ ಅವನು ಬಂದ. ಗಡ್ಡದಲ್ಲಿ ಮರದ ಪುಡಿ, ಅಂಗೈಯಲ್ಲಿ ಗೀರು. ನೇರವಾಗಿ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದ.

“ಹೆಂಡ್ತಿ ಬದುಕಿದಾಳೋ ಇಲ್ವೋ ಅಂತ ಕೇಳೋ ಪದ್ಧತಿ ಇಲ್ಲ ಅಲ್ವಾ ನಿಮ್ಮಲ್ಲಿ?” ಎಂದಳು.

“ನಿನ್ನ ಬಾಯಿ ಕೇಳಿಸ್ತಿತ್ತಲ್ಲ ಮೆಟ್ಟಿಲಲ್ಲೇ,” ಎಂದು ನಕ್ಕು ಅವಳ ಕೈಯಿಂದ ಮಗ್ಗು ತೆಗೆದುಕೊಂಡ. ಕುರ್ಚಿಯಲ್ಲಿ ಕುಳಿತು ಎರಡು ಸಲ ಸುರಿದ. ಮೂರನೆಯದಕ್ಕೆ ಕೈ ಗಾಳಿಯಲ್ಲೇ ನಿಂತಿತು. “ಫೋನ್ ಬರತ್ತೆ. ಬಂದ ತಕ್ಷಣ ಎಬ್ಬಿಸು,” ಎಂದವನು ಇನ್ನೇನೋ ಹೇಳಲು ಬಾಯಿ ತೆರೆದು, ತೆರೆದ ಬಾಯಿಯಲ್ಲೇ ನಿದ್ದೆಹೋದ. ಮಗ್ಗಿನ ನೀರು ಅವನ ತೊಡೆಯ ಮೇಲೆ ಚೆಲ್ಲಿತು. ಅದಕ್ಕೂ ಎಚ್ಚರವಾಗಲಿಲ್ಲ.

ಒರಗಿದರೆ ಚುಚ್ಚೀತೆಂದು ಅವನ ಅಂಗಿಯ ಜೇಬಿನಿಂದ ಫೋನನ್ನೂ, ಕೆಂಪು ದಾರ ಕಟ್ಟಿದ ಬೀಗದ ಕೈಯನ್ನೂ ತೆಗೆದು ಮಷಿನ್ನಿನ ಮೇಲಿಟ್ಟಳು. ಮಗ್ಗು ಮತ್ತೆ ಅವಳ ಪಾಲಿಗೆ ಬಂತು.

ಸ್ವಲ್ಪ ಹೊತ್ತಿಗೆ ಫೋನ್ ಗುರುಗುಟ್ಟಿತು. ಆಫೀಸು. ಅವಳು ಗಂಡನ ಮುಖ ನೋಡಿದಳು. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿತ್ತು. ಮೊದಲ ದಿನದ ಫೋನು ಅವನನ್ನು ಆಸ್ಪತ್ರೆಯ ಲೈನಿಗೆ ಕರೆದುಕೊಂಡು ಹೋಗಿತ್ತು, ಆಮೇಲಿನದು ನೀರಿನ ಪಂಪ್‌ಹೌಸಿಗೆ, ಅದರ ನಂತರದ್ದು ಯಾರೋ ದೊಡ್ಡವರ ಬಡಾವಣೆಗೆ. ತಮ್ಮ ಬೀದಿಗೆಂದು ಒಂದು ಫೋನೂ ಬಂದದ್ದಿಲ್ಲ.

“ಇವರೊಬ್ಬರೇನಾ ಲೈನ್‌ಮನ್ ಈ ಭೂಮಿ ಮೇಲೆ?” ಎಂದು ಪಕ್ಕದ ಗುಂಡಿ ಒತ್ತಿ ಸದ್ದು ಅಡಗಿಸಿದಳು. ಮತ್ತೆ ಬಂತು. ಈ ಸಲ ಅವನ ಜೊತೆಗಾರನದು. ಉದ್ದಕ್ಕಿದ್ದಾನೆಂದು ಎಲ್ಲರೂ ಅವನನ್ನು ಏಣಿ ಎನ್ನುತ್ತಿದ್ದರು, ಫೋನಿನಲ್ಲೂ ಹಾಗೇ ಇತ್ತು. ಅವಳು ಫೋನನ್ನು ಚಿಂದಿ ಬಟ್ಟೆಯ ಬುಟ್ಟಿಯೊಳಗೆ ತುರುಕಿ, ಮೇಲೆ ಇನ್ನೆರಡು ತುಂಡು ಮುಚ್ಚಿದಳು. ಒಂದು ಗಂಟೆ ಮಲಗಲಿ. ಊರೇನೂ ಮುಳುಗಿಹೋಗುವುದಿಲ್ಲ.

ಬಾಗಿಲಲ್ಲಿ ಕೆಳಗಿನ ಮನೆಯ ಬೇಕರಿಯವರು ಕಾಣಿಸಿಕೊಂಡರು.

“ಅಕ್ಕಾ, ಸಾರ್ ಬಂದ ಹಾಗಿತ್ತು?”

“ಮಲಗಿದಾರೆ.”

“ಪಕ್ಕದ ಬೀದಿಗೆ ಆಗಲೇ ಬಂತು. ನನ್ನ ಫ್ರಿಜ್ಜಲ್ಲಿ ಬೆಣ್ಣೆ ನೀರಾಗಿ ಹರೀತಿದೆ. ಲೈನ್‌ಮನ್ ಇರೋ ಕಟ್ಟಡ ಅಂತ ಖುಷಿಪಟ್ಟು ಬಾಡಿಗೆಗೆ ಬಂದೋನು ನಾನು.”

“ಆಫೀಸಿನವರನ್ನ ಕೇಳಿ. ಮಲಗಿರೋರನ್ನ ಕೇಳಿದ್ರೆ ಕನಸಲ್ಲಿ ಕೊಡ್ತಾರೆ ಕರೆಂಟು.”

ಬೇಕರಿಯವರು ನಿದ್ದೆಯಲ್ಲಿದ್ದವನನ್ನೂ ತೊಟ್ಟಿಯನ್ನೂ ಒಮ್ಮೆ ನೋಡಿ, “ಮೀನಿಗಾದ್ರೂ ಯಾರೋ ಇದಾರೆ,” ಎಂದು ಇಳಿದುಹೋದರು. ಆ ಮಾತು ಅವಳಿಗೆ ಚುರುಕ್ಕೆಂದಿತು. ಸಿಟ್ಟೆಲ್ಲ ರಟ್ಟೆಗೆ ಬಂದು ಇನ್ನೂ ಬೀಸಾಗಿ ಸುರಿಯತೊಡಗಿದಳು.

ನೀರಿನಿಂದ ಒಂದು ಬಗೆಯ ಹಳಸಲು ವಾಸನೆ ಏಳುತ್ತಿತ್ತು. ದೊಡ್ಡ ಮೀನು ಕಲ್ಲಿಗೆ ಒರಗಿ ಕಿವಿರು ಬಡಿಯುತ್ತಿತ್ತು. ಬಟನ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಓರೆಯಾಗಿ ತೇಲುತ್ತಿತ್ತು. ಧಾರೆಯನ್ನು ಅದರ ಪಕ್ಕಕ್ಕೇ ಬಿಟ್ಟಳು. “ಇನ್ನು ಸ್ವಲ್ಪ ಹೊತ್ತು ಕಣೋ. ಈಗ ಬರತ್ತೆ, ತಡ್ಕೊ,” ಎಂದಳು. ಮಗಳಿಗೆ ಜ್ವರ ಬಂದಾಗ ಆಡುತ್ತಿದ್ದ ಧ್ವನಿಯೇ ಅದು. ತನಗೇ ನಾಚಿಕೆಯಾಗಿ ಗಂಡನತ್ತ ನೋಡಿದಳು. ಅವನು ಗೊರಕೆ ಹೊಡೆಯುತ್ತಿದ್ದ.

ಮೆಟ್ಟಿಲ ಮೇಲೆ ಬೂಟಿನ ಸದ್ದು ದಡದಡನೆ ಏರಿ ಬಂತು. ಏಣಿ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಬಂದವನು, ಕುರ್ಚಿಯಲ್ಲಿ ಬಿದ್ದಿದ್ದವನನ್ನು ಕಂಡು ಗೋಡೆಗೆ ಕೈ ಊರಿ ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

“ಇಲ್ಲಿದಾನಾ? ಅಬ್ಬಾ! ಕಂಬ ಕಂಬ ಹುಡುಕಿದೆ ಅತ್ತಿಗೆ. ಫೋನ್ ಎತ್ತಲ್ಲ ಅಂದ್ರೆ ಎಲ್ಲಿ ಜೋತುಬಿದ್ದಿದಾನೋ ಅಂತ ಜೀವ ಬಾಯಿಗೆ ಬಂದಿತ್ತು.”

“ಸ್ವಲ್ಪ ಮಲಗಲಿ ಬಿಡಿ. ಬೇರೆ ಯಾರನ್ನಾದ್ರೂ ಕಳಿಸಿ ಆ ಕೆಲಸಕ್ಕೆ.”

“ಬೇರೆ ಯಾರು ಹೋದ್ರೂ ಆಗಲ್ಲ. ಕಂಬದ ಸ್ವಿಚ್ಚನ್ನ ಆಫ್ ಮಾಡಿ ಬೀಗ ಹಾಕಿದೋನು ಇವನು. ಹಾಕಿದೋನೇ ಬಂದು ತೆಗೀಬೇಕು. ಇವನು ಇನ್ನೂ ತಂತಿ ಮೇಲೆ ಇದ್ದು, ನಾವು ಬೀಗ ಒಡೆದು ಕರೆಂಟ್ ಬಿಟ್ರೆ ಗತಿ ಏನು?” ಏಣಿ ಮಷಿನ್ನಿನ ಮೇಲಿದ್ದ ಕೆಂಪು ದಾರದ ಕೀ ನೋಡಿದ. “ನಮ್ಮ ಕಡೆಯಿಂದ ತಂತಿ ಸೇರಿಸಿ ಆಗಲೇ ಎಷ್ಟೊತ್ತಾಯ್ತು. ಆಗಿಂದ ಫೋನ್ ಮಾಡ್ತಾನೇ ಇದೀವಿ.”

“ಯಾವ ಲೈನು?” ಎಂದಳು.

“ಯಾವ್ದು ಅಂದ್ರೆ? ನಿಮ್ಮ ಬೀದೀದೇ!”

ಗಂಡ ಎದ್ದ. ಎದ್ದ ಕೂಡಲೇ ಜೇಬು ಮುಟ್ಟಿಕೊಂಡ. ಅವಳು ಚಿಂದಿ ಬುಟ್ಟಿಯಲ್ಲಿ ಕೈ ಹಾಕಿ ಫೋನ್ ತೆಗೆದುಕೊಟ್ಟಳು. ಅದಕ್ಕೊಂದು ನೀಲಿ ನೂಲು ಸುತ್ತಿಕೊಂಡಿತ್ತು. ಅವನು ಪರದೆಯನ್ನು ನೋಡಿದ, ಬುಟ್ಟಿಯನ್ನು ನೋಡಿದ, ಅವಳ ಒದ್ದೆ ಕೈಗಳನ್ನು ನೋಡಿದ. ಬೈದಿದ್ದರೆ ಅವಳ ಹತ್ತಿರ ಉತ್ತರವಿತ್ತು. ಅವನು ನೂಲನ್ನು ಬಿಡಿಸಿ ಮಷಿನ್ನಿನ ಮೇಲಿಟ್ಟು, ಕೀ ತೆಗೆದುಕೊಂಡು ಇಳಿದುಹೋದ. ಕೆಳಗೆ ಬೇಕರಿಯವರು, “ನಿದ್ದೆ ಆಯ್ತಾ ಸಾರ್?” ಎಂದದ್ದು ಮೇಲಕ್ಕೂ ಕೇಳಿಸಿತು. ಅವನು ಏನೆಂದನೋ ಕೇಳಿಸಲಿಲ್ಲ.

ಅವಳು ಮಗ್ಗು ಎತ್ತಿ ಸುರಿದಳು, ಎತ್ತಿ ಸುರಿದಳು. ನೀರು ನೆಲಕ್ಕೆ, ಸೀರೆಗೆ, ಯೂನಿಫಾರ್ಮಿನ ರಾಶಿಗೆಲ್ಲ ಚಿಮ್ಮಿತು. ಬಟನ್ ಧಾರೆ ಬಿದ್ದಾಗ ಅಲುಗಿತು. ಧಾರೆ ನಿಂತಾಗ ಅದೂ ನಿಂತಿತು. ಅವಳು ನಿಲ್ಲಿಸಲಿಲ್ಲ.

ಬೀದಿಯ ಆ ತುದಿಯಿಂದ ಹೋ ಎಂಬ ಕೂಗು ಅಲೆಯಂತೆ ಹತ್ತಿರ ಬಂತು. ಫ್ಯಾನು ತಿರುಗಿತು. ಮಷಿನ್ನಿನ ದೀಪ ಹತ್ತಿತು. ತೊಟ್ಟಿಯ ಹಿಂದೆ ಪಂಪು ಗಂಟಲು ಸರಿಮಾಡಿಕೊಂಡು, ಎರಡು ಸಲ ಕೆಮ್ಮಿ, ತನ್ನ ಹಳೆಯ ಗುನುಗನ್ನು ಹಿಡಿಯಿತು. ಹವಳಗಳ ಮೇಲಿನ ಲೋಳೆ ಎಳೆ ಎಳೆಯಾಗಿ ಕಿತ್ತುಕೊಂಡು ಹೋಯಿತು. ದೊಡ್ಡ ಮೀನು ಕಲ್ಲು ಬಿಟ್ಟು ಈಚೆ ಬಂದು, ನೀರಿಗೆ ಎದುರಾಗಿ ನಿಂತಿತು.

ಹೊರಗೆ ಶಾಲೆಯ ಬಸ್ಸು ನಿಂತ ಸದ್ದಾಯಿತು. ಮಗಳು ಚೀಲವನ್ನೂ ಇಳಿಸದೆ ಓಡಿಬಂದು ಗಾಜಿಗೆ ಮೂಗು ಒತ್ತಿದಳು.

ಪಂಪಿನ ಸೆಳೆತಕ್ಕೆ ಬಟನ್ ಓರೆಯಾಗಿಯೇ, ರೆಕ್ಕೆ ಆಡಿಸದೆ ಕಲ್ಲನ್ನು ಬಳಸಿ, ಹವಳಗಳ ಮೇಲೆ ಹಾದು, ಗಾಜಿನ ಹತ್ತಿರ ಬಂದು, ಮತ್ತೆ ಹಿಂದಕ್ಕೆ ತಿರುಗಿತು.

“ಅಮ್ಮಾ! ಈಜ್ತಿದೆ! ನೋಡು, ಎಷ್ಟು ಜೋರಾಗಿ ಈಜ್ತಿದೆ!”

ಅವಳು ಮಗ್ಗನ್ನು ನೀರಿಗೆ ಇಳಿಸಿ, ಅದು ಇನ್ನೊಂದು ಸುತ್ತು ಬರುವುದನ್ನೇ ಕಾಯುತ್ತ ನಿಂತಳು.