ಅಡುಗೆಮನೆಯಿಂದ ಬಂದ ಪ್ರಶ್ನೆ

ಏಳನೇ ತರಗತಿಯ ಗಣಿತದ ಟೀಚರಿಗೆ ವಾರವಿಡೀ ಶುಕ್ರವಾರದ್ದೇ ಚಿಂತೆ. ತಪ್ಪೇನೂ ಬೇರೆಯವರದಲ್ಲ. ಮಕ್ಕಳು ಪಾಠದ ವಿಡಿಯೊ ಮನೆಯಲ್ಲಿ ನೋಡಲಿ, ಲೆಕ್ಕ ಮಾತ್ರ ತರಗತಿಯಲ್ಲಿ ಮಾಡಲಿ ಎಂದು ಸಭೆಯಲ್ಲಿ ಬಾಯಿಬಿಟ್ಟವಳು ಅವಳೇ.

"ಶುಕ್ರವಾರ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂರ್ತೀನಮ್ಮ," ಎಂದಿದ್ದರು ಹೆಡ್‌ಮಾಸ್ಟರು. "ಮಕ್ಕಳಿಗೆ ಲೆಕ್ಕ ಬಂತೋ, ಮುಂದುವರಿಸಿ. ಇಲ್ವೋ, ನಿಮಗೆ ಕೊಟ್ಟ ಪ್ರೊಜೆಕ್ಟರ್ ಮತ್ತೆ ಪೆಟ್ಟಿಗೆ ಸೇರುತ್ತೆ, ನಿಮ್ಮ ಕೈಗೆ ಮತ್ತೆ ಚಾಕ್‌ಪೀಸು."

ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಮೊಬೈಲು ಒರಗಿಸಿ ಪಾಠ ಶುರುಮಾಡಿದಳು. ಮೊದಲ ಸಲ ಕುಕ್ಕರ್ ಕೂಗಿತು. ಎರಡನೇ ಸಲ ಅವಳಿಗೇ ನಾಲಿಗೆ ತೊಡರಿತು. ಮೂರನೇ ಸಲ ಎಲ್ಲ ಸರಾಗವಾಗಿ ಸಾಗಿ, ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು ಎನ್ನುವಷ್ಟರಲ್ಲಿ, ಒಳಗೆ ಬಟಾಣಿ ಸುಲಿಯುತ್ತಿದ್ದ ಅತ್ತೆಯ ದನಿ ಬಂತು.

"ಅಲ್ಲ ಕಣೇ, ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು ತಾನೆ? ಜಾಸ್ತಿ ಹೇಗಾಯ್ತು?"

"ಅಯ್ಯೋ ಅತ್ತೆ! ಆರು ಸೇಬು ತಗೊಳ್ಳಿ. ಒಂದೊಂದನ್ನೂ ಅರ್ಧರ್ಧ ಹೆಚ್ಚಿ. ಹೋಳೆಷ್ಟು?"

"ಹನ್ನೆರಡು. ಆದ್ರೆ ಸೇಬು ಆರೇ ಅಲ್ವೇನೇ?"

"ನಾನು ಕೇಳಿದ್ದು ಅದ್ರಲ್ಲಿ ಎಷ್ಟು ಅರ್ಧ ಇದೆ ಅಂತ!"

"ಹಾಗೆ ಬಿಡಿಸಿ ಹೇಳು ಮತ್ತೆ. ಸುಮ್ನೆ ಭಾಗ ಭಾಗ ಅಂತೀಯ."

ಏಳನೇ ಸಲಕ್ಕೆ ಅತ್ತೆಯನ್ನು ಪಕ್ಕದ ಮನೆಗೆ ಸಾಗಹಾಕಿ, ಕನ್ನಡಿಯಷ್ಟು ಸ್ವಚ್ಛವಾದ ವಿಡಿಯೊ ಮಾಡಿ, ಮಕ್ಕಳ ಗುಂಪಿಗೆ ಕಳಿಸಿ ಉಸಿರುಬಿಟ್ಟಳು.

ಶುಕ್ರವಾರ ಹೆಡ್‌ಮಾಸ್ಟರು ಮೊಣಕಾಲು ಮಡಿಸಿ ಹಿಂದಿನ ಬೆಂಚಿನಲ್ಲಿ ತುರುಕಿಕೊಂಡರು. ನೆನಪಿಗಿರಲೆಂದು ಅವಳು ವಿಡಿಯೊವನ್ನು ಗೋಡೆಯ ಮೇಲೆ ಹಾಕಿದಳು. ಅರ್ಧ ನಿಮಿಷವೂ ಆಗಿಲ್ಲ, ತರಗತಿಯೆಲ್ಲ ಗುಸುಗುಸು. ಎಲ್ಲರೂ 'ಮೈಕು' ಎಂದು ಕರೆಯುವ ಹುಡುಗಿ ಎದ್ದು ನಿಂತಳು.

"ಟೀಚರ್, ಇದಲ್ಲ. ಅಜ್ಜಿ ಇರೋದು ಹಾಕಿ!"

ಟೀಚರು ಮೊಬೈಲು ತೆಗೆದು ಮಕ್ಕಳ ಗುಂಪು ನೋಡಿದಳು. ಕಳಿಸುವಾಗ ಸಾಲಾಗಿದ್ದ ಏಳು ವಿಡಿಯೊಗಳಲ್ಲಿ ಬೆರಳು ಮೂರನೆಯದನ್ನು ಒತ್ತಿತ್ತು. ಗಡಿಬಿಡಿಯಲ್ಲಿ ತಿರುಗಿ ನೋಡಿಯೂ ಇರಲಿಲ್ಲ.

"ಯಾವ ಅಜ್ಜಿ?" ಹೆಡ್‌ಮಾಸ್ಟರ ದನಿ. "ಇರ್ಲಿ. ಆರನ್ನ ಅರ್ಧದಿಂದ ಭಾಗಿಸಿದ್ರೆ ಎಷ್ಟಮ್ಮ?"

"ಹನ್ನೆರಡು ಸಾರ್," ಎಂದಳು ಹುಡುಗಿ.

"ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ?"

ಮೈಕು ಸೊಂಟದ ಮೇಲೆ ಕೈಯಿಟ್ಟಳು. "ಅಜ್ಜಿನೂ ಇದನ್ನೇ ಕೇಳಿದ್ರು ಸಾರ್! ಆರರಲ್ಲಿ ಎಷ್ಟು ಅರ್ಧ ಇದೆ ಅಂತ ನೋಡ್ಬೇಕು. ಸುಮ್ನೆ ಭಾಗ ಭಾಗ ಅನ್ಬಾರ್ದು."

ತರಗತಿ ಗೊಳ್ಳೆಂದಿತು. ಹೆಡ್‌ಮಾಸ್ಟರು ನಗಲಿಲ್ಲ. ಬೋರ್ಡಿಗೆ ಹೋಗಿ ಮೂರನ್ನು ಕಾಲು ಭಾಗದಿಂದ, ಎರಡನ್ನು ಮೂರನೇ ಒಂದರಿಂದ ಭಾಗಿಸಲು ಬರೆದರು. ನಲವತ್ತು ತಲೆ ಬಗ್ಗಿದವು. ನಲವತ್ತರಲ್ಲಿ ಮೂವತ್ತಾರು ಸರಿ.

"ಪ್ರೊಜೆಕ್ಟರ್ ನಿಮ್ಮ ಹತ್ರಾನೇ ಇರ್ಲಿ," ಎಂದರು ಬಾಗಿಲ ಬಳಿ ನಿಂತು. "ಮುಂದಿನ ಪಾಠಕ್ಕೂ ಆ ಅಜ್ಜಿನ ಬಿಡ್ಬೇಡಿ. ನನಗೂ ಇದು ಇವತ್ತೇ ತಿಳೀತು ನೋಡಿ." ಕೊನೆಯ ಮಾತನ್ನು ತೀರ ಮೆಲ್ಲಗೆ ಹೇಳಿದರು.

ಸಂಜೆ ವಿಷಯ ತಿಳಿದ ಅತ್ತೆ ತಲೆ ಬಾಚಿ, ಮದುವೆಮನೆಗೆ ಹೊರಟವರಂತೆ ಸಿಂಗರಿಸಿಕೊಂಡು ಮೊಬೈಲಿನ ಮುಂದೆ ಕೂತರು. ಸೊಸೆ ಶೇಕಡಾವಾರು ಶುರುಮಾಡಿದಳು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

"ಏನಾದ್ರೂ ಕೇಳಿ ಅತ್ತೆ."

"ಕೇಳೋಕೇನಿದೆ? ಎಲ್ಲಾ ಅರ್ಥ ಆಯ್ತು."

ನಾಲ್ಕು ಸಲ ಮಾಡಿದರೂ ಅದೇ. ಕೊನೆಗೆ ಸೊಸೆ, "ಇವತ್ತು ಸಾಕು, ಬಟಾಣಿ ಸುಲೀರಿ," ಎಂದು ಒಳಗೆ ಕಳಿಸಿದಳು. ಮೊಬೈಲನ್ನು ಆರಿಸಲಿಲ್ಲ. ಪಾಠ ಅಭ್ಯಾಸ ಮಾಡುವವಳಂತೆ ಗೊಣಗಿದಳು: "ಬೆಲೆ ಶೇಕಡಾ ಹತ್ತು ಏರಿ, ಮತ್ತೆ ಶೇಕಡಾ ಹತ್ತು ಇಳಿದರೆ, ಮೊದಲಿನ ಬೆಲೆಗೆ ಬರೋದಿಲ್ಲ."

ಒಳಗೆ ಬಟಾಣಿಯ ಸದ್ದು ನಿಂತಿತು.

"ಅಲ್ಲ ಕಣೇ..."